ದಯವಿಟ್ಟು ಗಮನಿಸಿ

ಜೂನ್ 9

ಅಕ್ಕಾ,

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಶೋಕಿ ಯಾಕೆ ಬಂತು ಎಂದು ನಗಬೇಡ. ನಮ್ಮದು ಎರಡೇ ಕೋಣೆಯ ಮನೆ. ಫೋನೂ ಒಂದೇ, ಅದು ನಮ್ಮವರ ದಿಂಬಿನ ಪಕ್ಕದಲ್ಲೇ ಬಿದ್ದಿರುತ್ತದೆ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಹೋಗಿದೆಯೇ ಹೊರತು ಕಿವಿ ಹೋಗಿಲ್ಲ. ಹೋದ ಸಲ ನೀನು ಬಂದಾಗ ಬಾಗಿಲ ಹೊರಗೆ ನಿಂತು ಹೇಳಿದೆಯಲ್ಲ, ಆ ಆರೈಕೆ ಕೇಂದ್ರದ ಮಾತು, ಅದನ್ನು ಅವರ ಎದುರು ನಾನು ಹೇಗೆ ಆಡಲಿ? ಅಂಗಡಿಯಿಂದ ಮಾಡೋಣವೆಂದರೆ ಮಾಲೀಕರು ಮಗ್ಗುಲಲ್ಲೇ ಕೂತಿರುತ್ತಾರೆ. ಕನ್ನಡಕ ಹಾಕಿಸಿಕೊಳ್ಳಲು ಬಂದವರ ಮುಂದೆ ಗಂಡನನ್ನು ಎಲ್ಲಿ ಬಿಡೋಣ ಎಂದು ಕೇಳಲಾಗುತ್ತದೆಯೇ? ಅದಕ್ಕೇ ಇನ್ನು ಕಾಗದ. ನೀನೂ ಅಂಗಡಿಯ ವಿಳಾಸಕ್ಕೇ ಬರೆ. ದಿನಾ ಸಂಜೆ ಮಾಡುತ್ತಿದ್ದ ಫೋನನ್ನು ನಿಲ್ಲಿಸುತ್ತೇನೆ. ಮಾತಾಡಲು ಕೂತರೆ ಬಾಯಿತಪ್ಪಿ ಬಂದೇ ಬರುತ್ತದೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಅವರು ಹಾಗೇ ಇದ್ದಾರೆ. ಬಸ್ ನಿಲ್ದಾಣದ ಮೈಕಿನ ಮುಂದೆ ಇಪ್ಪತ್ತೈದು ವರ್ಷ ಕೂತು ಊರಿಗೆಲ್ಲ ದಾರಿ ಹೇಳಿದ ಮನುಷ್ಯ ಈಗ ಗೋಡೆ ನೋಡಿಕೊಂಡು ಕೂರುತ್ತಾರೆ. ಡಾಕ್ಟರು ಕೊಟ್ಟ, ಗಂಟಲಿಗೆ ಹಿಡಿದು ಮಾತಾಡುವ ಯಂತ್ರ ಡ್ರಾಯರಿನಲ್ಲಿದೆ. ಬರೆದಾದರೂ ತಿಳಿಸಿ ಎಂದು ಸ್ಲೇಟು ತಂದುಕೊಟ್ಟರೆ ಅದನ್ನು ಬೀರುವಿನ ಹಿಂದೆ ಸೇರಿಸಿದರು. ಬೇಕು, ಬೇಡ ಎಂಬುದೂ ಇಲ್ಲ. ಇಟ್ಟರೆ ಉಣ್ಣುತ್ತಾರೆ, ಅಷ್ಟೇ.

ಓದು ನಡೆದಿದೆ. ಇಂಗ್ಲಿಷ್ ಸಾಹಿತ್ಯದ ಪದವಿ ಕೈಗೆ ಬಂದರೆ ನಮ್ಮ ಬೀದಿಯ ಶಾಲೆಯವರು ಟೀಚರಾಗಿ ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಆನ್‌ಲೈನ್ ತರಗತಿ ಮಾತ್ರ ಸರಿಯಾಗಿ ನನ್ನ ಅಂಗಡಿ ಹೊತ್ತಿಗೇ ಬೀಳುತ್ತದೆ. ಮಧ್ಯೆ ಮಧ್ಯೆ ಪರದೆಯ ಮೇಲೆ "ಇದ್ದೀರಾ?" ಎಂದು ಒಂದು ಬಟನ್ ಬರುತ್ತದೆ, ಒತ್ತದಿದ್ದರೆ ಹಾಜರಿ ಹೋಯಿತು. ಹಾಗಾಗಿ ಲ್ಯಾಪ್‌ಟಾಪ್ ತೆರೆದು, ನನ್ನ ಹೆಸರಿನಲ್ಲಿ ಒಳಗೆ ಹೋಗಿ, ಅವರನ್ನು ಎದುರಿಗೆ ಕೂರಿಸಿ ಬರುತ್ತೇನೆ. "ರೀ, ಇದು ಬಂದಾಗೆಲ್ಲ ಒತ್ತಿ, ನಿಮಗೂ ಹೊತ್ತು ಹೋಗುತ್ತೆ" ಅಂದೆ. ಒತ್ತುತ್ತಾರೆ. ಪಾಠದ ರೆಕಾರ್ಡನ್ನು ನಾನು ಭಾನುವಾರ ಕೂತು ಕೇಳುತ್ತೇನೆ, ಪ್ರಬಂಧ ನಾನೇ ಬರೆಯುತ್ತೇನೆ. ಬಟನ್ ಒತ್ತುವುದರಲ್ಲಿ ಏನು ಮೋಸ, ಹೇಳು.

ನಿನ್ನ ತಂಗಿ


ಜೂನ್ 20

ಪುಟ್ಟಿ,

ಆಸ್ಪತ್ರೆಯಲ್ಲಿ ದೊಡ್ಡ ನರ್ಸ್ ಆಗಿ ರಿಟೈರಾದವಳಿಗೆ ಕಾಗದ ಬರೆಯುವುದೆಂದರೆ ಔಷಧಿ ಚೀಟಿ ಬರೆದಂತೆಯೇ. ಚಿಕ್ಕದಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಕೇಂದ್ರದ ಮೇಲ್ವಿಚಾರಕಿ ನನ್ನ ಹಳೆಯ ಜೊತೆಯವಳು. ನವೆಂಬರ್ ಒಂದನೇ ತಾರೀಖಿಗೆ ಕಿಟಕಿ ಪಕ್ಕದ ಮಂಚ ಖಾಲಿಯಾಗುತ್ತದಂತೆ. ಕೇಂದ್ರದ ಗಾಡಿಯೇ ಬಂದು ಕರೆದುಕೊಂಡು ಬರುತ್ತದೆ. ನನ್ನ ಮನೆಯಿಂದ ನಡೆದು ಹೋಗುವ ದೂರ, ದಿನಾ ನಾನೇ ನೋಡಿ ಬರುತ್ತೇನೆ. ಮುಂಚಿತವಾಗಿ ನಿನ್ನ ಯಜಮಾನರಿಗೆ ಹೇಳುವ ಗೋಜಿಗೆ ಹೋಗಬೇಡ. ನಾನು ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಮಾತು ಹೋದರೆ ನಿಧಾನವಾಗಿ ಬುದ್ಧಿಯೂ ಮಂಕಾಗುತ್ತದೆ. ಅವರಿಗೆ ಅಲ್ಲಿಯ ಗೋಡೆಯೂ ಒಂದೇ, ಇಲ್ಲಿಯ ಗೋಡೆಯೂ ಒಂದೇ.

ನಿನ್ನ ಇಂಗ್ಲಿಷ್ ಪದವಿಯ ವಿಷಯ ನನಗೆ ಅರ್ಥವಾಗುವುದಿಲ್ಲ. ಕನ್ನಡಕದ ಗಾಜು ಉಜ್ಜುತ್ತಾ ಉಜ್ಜುತ್ತಾ ನಿನಗೇ ಕನ್ನಡಕ ಬಂತು, ಇನ್ನು ಈ ವಯಸ್ಸಿನಲ್ಲಿ ಪರದೆ ಬೇರೆ. ಆದರೂ ಓದು. ಓದಿದವಳು ನಮ್ಮ ಮನೆಯಲ್ಲಿ ಒಬ್ಬಳಾದರೂ ಇರಲಿ.

ಅಕ್ಕ


ಆಗಸ್ಟ್ 28

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನಮಗೆ ಪಾಠ ಮಾಡುವ ಮೇಡಂ ಇವತ್ತು ಒಂದು ಮೇಲ್ ಕಳಿಸಿದ್ದಾರೆ, ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದೆ. ತರಗತಿಯ ಆನ್‌ಲೈನ್ ಚರ್ಚೆಯ ಪುಟದಲ್ಲಿ ನಾನು ಬರೆಯುವ ಮಾತಿಗಾಗಿ ಎಲ್ಲರೂ ಕಾಯುತ್ತಾರಂತೆ. ನನ್ನ ವಾಕ್ಯಗಳು ಚಿಕ್ಕವು, ಸ್ಪಷ್ಟ, ದೊಡ್ಡ ಗದ್ದಲದಲ್ಲೂ ಕೇಳಿಸುವಂಥವು ಅಂತೆ. ಆದರೆ ನಾನು ಕಳಿಸಿದ ಪ್ರಬಂಧ ಸಪ್ಪೆ, ಯಾವುದೋ ಗೈಡ್ ನೋಡಿ ಇಳಿಸಿದ ಹಾಗಿದೆಯಂತೆ. ಚರ್ಚೆ ಮಾಡುವ ನೀವು ಇದನ್ನು ಬರೆದಿರಲು ಸಾಧ್ಯವಿಲ್ಲ, ಯಾರಿಂದ ಬರೆಸಿದಿರಿ ಎಂದು ಕೇಳಿದ್ದಾರೆ. ಕ್ಯಾಮೆರಾ ಮುಂದೆ ಬಾಯಿಮಾತಿನ ಪರೀಕ್ಷೆ ಇಡುತ್ತಾರಂತೆ. ಅದರಲ್ಲಿ ಸಿಕ್ಕಿಬಿದ್ದರೆ ಹೆಸರನ್ನೇ ತೆಗೆದುಹಾಕುತ್ತಾರೆ.

ಅಕ್ಕಾ, ಆ ಪ್ರಬಂಧಕ್ಕೆ ನಾನು ನಾಲ್ಕು ಭಾನುವಾರ ಸವೆಸಿದ್ದೇನೆ. ಒಂದೊಂದು ಪದವೂ ನನ್ನದು. ಚರ್ಚೆಯಲ್ಲಿ ಮಾತ್ರ ನಾನು ಇವತ್ತಿನವರೆಗೆ ಒಂದಕ್ಷರ ಬರೆದಿಲ್ಲ. ಆ ಪುಟವನ್ನೇ ತೆರೆದಿಲ್ಲ. ನನ್ನದನ್ನು ನನ್ನದಲ್ಲ ಅಂದರು, ನನ್ನದಲ್ಲದ್ದನ್ನು ನನ್ನದು ಅಂದರು.

ಮೇಡಂ ಉದಾಹರಣೆಗೆಂದು "ನನ್ನ" ಒಂದು ಮಾತನ್ನು ಮೇಲ್‌ನಲ್ಲಿ ಹಾಕಿದ್ದರು. ಅದು ಶುರುವಾಗುವುದೇ ಹೀಗೆ: "ದಯವಿಟ್ಟು ಗಮನಿಸಿ." ಇಂಗ್ಲಿಷಿನಲ್ಲಿತ್ತು. ಆದರೆ ಬಸ್ ಹೊರಡುವ ಮುಂಚೆ ಮೂರು ಭಾಷೆಯಲ್ಲಿ ಆ ಮಾತನ್ನು ಯಾರು ಹೇಳುತ್ತಿದ್ದರು ಎಂದು ನಮ್ಮೂರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ.

ಅಂಗಡಿಯ ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟೆ. ಮಾಲೀಕರು ನೀರು ತಂದುಕೊಟ್ಟರು. ಮನೆಗೆ ಹೋಗಿ ಅವರ ಮುಖ ನೋಡಿದೆ. ಗೋಡೆ ನೋಡುತ್ತಿದ್ದರು.

ತಂಗಿ


ಆಗಸ್ಟ್ 31

ಅಕ್ಕಾ,

ಹಿಂದಿನ ಕಾಗದ ನಿನಗೆ ತಲುಪುವ ಮುಂಚೆಯೇ ಇನ್ನೊಂದು ಬರೆಯುತ್ತಿದ್ದೇನೆ. ತಡೆಯಲಾಗುತ್ತಿಲ್ಲ. ಅವರು ಸ್ನಾನಕ್ಕೆ ಹೋದಾಗ, ಸಂಜೆ ನಡೆದಾಡಲು ಹೋದಾಗ, ಆ ಚರ್ಚೆಯ ಪುಟವನ್ನು ಮೊದಲಿನಿಂದ ಓದಿದೆ. ಅವರು ಬರೆದದ್ದೆಲ್ಲ ನಾನಾಗಿ ಬರೆದದ್ದು. ಹೆಂಗಸಾಗಿ, ಹೆಂಡತಿಯಾಗಿ. ಕೆಲವನ್ನು ನಮ್ಮ ಮಾತಿಗೆ ತಿರುಗಿಸಿ ಕಳಿಸುತ್ತೇನೆ.

ಪಠ್ಯದಲ್ಲಿ ಒಂದು ಕಥೆ ಇದೆ. ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಒಬ್ಬಳು ದೋಣಿ ಹತ್ತಿ ಹೋಗುತ್ತಾಳೆ. ತರಗತಿಯವರೆಲ್ಲ ಅವಳಿಗೆ ಛೀಮಾರಿ ಹಾಕಿದ್ದಾರೆ. ಅಲ್ಲಿ ಇವರದು:

"ದಯವಿಟ್ಟು ಗಮನಿಸಿ. ದೋಣಿ ಹತ್ತಿದವಳು ಕ್ರೂರಿಯಲ್ಲ. ನನ್ನ ಗಂಡನೂ ಮಾತಾಡುವುದಿಲ್ಲ. ಅವನ ಪಾಲಿನ ಮಾತನ್ನೂ ನಾನೇ ಆಡುತ್ತೇನೆ. ಊಟ ಮಾಡ್ತೀರಾ ಎಂದು ನಾನೇ ಕೇಳುತ್ತೇನೆ, ಹ್ಞೂಂ ಬಡಿಸ್ತೀನಿ ಎಂದು ನಾನೇ ಹೇಳುತ್ತೇನೆ. ಸಂಜೆಗೆ ನನ್ನ ಬಾಯಿ ಒಣಗಿರುತ್ತದೆ."

ಇನ್ನೊಂದು ದಿನ: "ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ನೀರಿನ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದೇನೆ. ನನ್ನ ಗಂಡ ಬಸ್ಸುಗಳ ಗದ್ದಲದೊಳಗೆ ಕೆಲಸ ಮಾಡಿದವನು. ಗದ್ದಲದ ಒಳಗಿನ ಸದ್ದು ಅವನಿಗೆ ಬೇರೆಯಾಗಿ ಕೇಳಿಸುತ್ತದೆ."

ನಾನು ಅಳುವ ವಿಷಯ ನಿನಗೂ ಹೇಳಿರಲಿಲ್ಲ.

ಕೊನೆಯದು ಇದು. ಎರಡು ಸಲ ಓದು. "ನಾನು ಅಕ್ಕನಿಗೆ ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಜೂನ್‌ನಲ್ಲಿ ನಿಲ್ಲಿಸಿದೆ. ಅಕ್ಕನ ಜೊತೆ ಜಗಳವಾಗಿಲ್ಲ. ಅಂದರೆ ಗಂಡನ ಕಿವಿಗೆ ಬೀಳಬಾರದ ಮಾತು ಒಂದೇ ಉಳಿದಿದೆ, ಅವನನ್ನು ಎಲ್ಲಿಗಾದರೂ ಕಳಿಸುವ ಮಾತು. ಕಳಿಸುವುದು ತಪ್ಪಲ್ಲ. ಹೊರಡಬೇಕಾದ ಬಸ್ಸನ್ನು ಹಿಡಿದು ನಿಲ್ಲಿಸಿದರೆ ಎಲ್ಲರಿಗೂ ಕಷ್ಟ."

ಯಾರೋ ಸಹಪಾಠಿ ಕೇಳಿದ್ದಾಳೆ, ಇದು ನಿಮ್ಮ ಗಂಡನಿಗೆ ಗೊತ್ತಾ ಎಂದು. ಅವರ ಉತ್ತರ: "ಗೊತ್ತು. ಅವನಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿಲ್ಲ."

ಅಕ್ಕಾ, ನಾವು ಕಾಗದ ಬರೆಯಲು ಶುರುಮಾಡಿದ್ದೇ ಅವರಿಗೆ ಗೊತ್ತಾಗಬಾರದೆಂದು.

ತಂಗಿ


ಸೆಪ್ಟೆಂಬರ್ 8

ಪುಟ್ಟಿ,

ಎರಡೂ ಕಾಗದ ಒಟ್ಟಿಗೆ ಬಂದವು. ಓದಿ ನನಗೆ ಮೈ ಉರಿಯಿತು. ನೀನು ಕರಗಿ ಕೂತಿದ್ದೀಯ, ನನಗೆ ಕಾಣುವುದೇ ಬೇರೆ. ಎದುರಿಗಿರುವ ಹೆಂಡತಿಗೆ ಸ್ಲೇಟಿನ ಮೇಲೆ ಒಂದು ಪದ ಬರೆಯದ ಮನುಷ್ಯ ಗುರುತಿಲ್ಲದ ನೂರು ಜನರ ಮುಂದೆ ಅವಳ ಬಚ್ಚಲ ಮನೆಯ ಬಾಗಿಲು ತೆರೆದಿಟ್ಟಿದ್ದಾನೆ, ಅದೂ ಅವಳದೇ ಹೆಸರು ಹಾಕಿ. ಇದಕ್ಕೆ ಪ್ರೀತಿ ಅನ್ನುತ್ತೀಯಾ? ನಿನ್ನ ಕಾಲೆಳೆಯುವುದಕ್ಕೆ ಮಾಡಿದ್ದು. ಬುದ್ಧಿ ಮಂಕಾಗಿದೆ ಎಂದು ನಾನು ಬರೆದದ್ದು ತಪ್ಪು, ಒಪ್ಪಿಕೊಂಡೆ. ಬುದ್ಧಿ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ.

ವಿಶ್ವವಿದ್ಯಾಲಯದವರಿಗೆ ಬಾಯಿ ಬಿಡಬೇಡ. ಚರ್ಚೆಯೂ ನನ್ನದೇ, ಪ್ರಬಂಧವೂ ನನ್ನದೇ ಎಂದು ಹೇಳು. ಗಂಡ ಬರೆದದ್ದನ್ನು ಬಾಯಿಪಾಠ ಮಾಡು. ಪದವಿ ತಗೋ, ಶಾಲೆ ಸೇರು. ನವೆಂಬರ್ ಒಂದಕ್ಕೆ ಗಾಡಿ ಬರುತ್ತದೆ. ಅವರಿಗೇ ಗೊತ್ತಿದೆ, ತಪ್ಪಲ್ಲ ಅಂದಿದ್ದಾರೆ ಎಂದಮೇಲೆ ಇನ್ನೇನು ಮುಜುಗರ?

ಅಕ್ಕ


ಸೆಪ್ಟೆಂಬರ್ 19

ಅಕ್ಕಾ,

ಆ ಜಾಗ ಬೇಡವೆಂದು ನಿನ್ನ ಗೆಳತಿಗೆ ಹೇಳಿಬಿಡು.

ನೀನು ಬರೆದದ್ದು ಪೂರ್ತಿ ಸುಳ್ಳಲ್ಲ. ನನಗೂ ಸಿಟ್ಟು ಬಂದಿದೆ. ಒಂದು ದಿನ ತಟ್ಟೆಯನ್ನು ಟಪ್ಪೆಂದು ಇಟ್ಟೆ, ಅವರು ಕತ್ತೆತ್ತಿ ನೋಡಿದರು. ಹೊಟ್ಟೆಕಿಚ್ಚೂ ಇದೆ, ನಿನ್ನ ಹತ್ತಿರ ಏನು ಮುಚ್ಚುಮರೆ. ನಾನು ಕಣ್ಣು ಹಾಳುಮಾಡಿಕೊಂಡು ಬರೆದದ್ದು ಸಪ್ಪೆ, ಬಸ್ಸಿನ ಇಂಗ್ಲಿಷಿನಲ್ಲಿ ಅವರು ಒಂದು ಬೆರಳಲ್ಲಿ ಕುಟ್ಟಿದ್ದು ಸಾಹಿತ್ಯ. ಆದರೆ ನನ್ನ ಗಂಟಲು ಒಣಗುವುದನ್ನು ಲೆಕ್ಕವಿಟ್ಟ ಮನುಷ್ಯನನ್ನು ಕಿಟಕಿ ಪಕ್ಕದ ಮಂಚಕ್ಕೆ ಹಾಕಿ ಬರಲು ನನ್ನಿಂದಾಗುವುದಿಲ್ಲ. ಸ್ಲೇಟಿನ ಮೇಲೆ ತನ್ನ ವಿಷಯ ಬರೆಯಲು ಅವರಿಗೆ ನಾಚಿಕೆಯಾಗಿರಬೇಕು. ನನ್ನ ವಿಷಯ ಬರೆಯಲು ಆಗಿಲ್ಲ.

ನನಗೆ ಗೊತ್ತಾಗಿದೆ ಎಂದು ಅವರಿಗಿನ್ನೂ ಹೇಳಿಲ್ಲ. ಎಲ್ಲಿಂದ ಶುರುಮಾಡಲಿ? ರೀ, ನೀವು ಬರೆದದ್ದನ್ನು ಓದಿದೆ ಅಂದರೆ, ಕಳಿಸೋದು ನಿಜವಾ ಎಂಬ ಪ್ರಶ್ನೆ ಅವರ ಕಣ್ಣಿನಲ್ಲಿ ಬರುತ್ತದೆ. ಪರೀಕ್ಷೆ ಮುಗಿಯಲಿ, ಕೂತು ಎಲ್ಲ ಹೇಳುತ್ತೇನೆ. ಪರೀಕ್ಷೆಯ ದಿನವೂ ನವೆಂಬರ್ ಒಂದನೇ ತಾರೀಖೇ ಆಗಿದೆ, ಬೆಳಿಗ್ಗೆ; ಹೊರರಾಜ್ಯದ ವಿಶ್ವವಿದ್ಯಾಲಯ, ರಾಜ್ಯೋತ್ಸವದ ರಜೆ ಅವರಿಗಿಲ್ಲ. ಅಲ್ಲಿ ನಿಜ ಹೇಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ನಿಜ ಹೇಳಿದರೆ ಈ ವರ್ಷ ಹೋಯಿತು, ಶಾಲೆಯೂ ಹೋಯಿತು.

ಮಾಲೀಕರು ಊಟಕ್ಕೆ ಹೋದಾಗ ಅಂಗಡಿ ಫೋನಿನಿಂದ ಎರಡು ಸಲ ಮಾಡಿದೆ. ನೀನು ಎತ್ತಲಿಲ್ಲ. ಜಾಗ ಬೇಡವೆಂದು ಹೇಳಿದ್ದೀಯ ಎಂದು ಒಂದು ಸಾಲು ಬರೆ, ಸಾಕು.

ತಂಗಿ


ಅಕ್ಟೋಬರ್ 6

ಪುಟ್ಟಿ,

ಫೋನ್ ಬಂದಾಗ ಹೊರಗೆ ಹೋಗಿದ್ದೆ. ಮಂಡಿ ನೋವು ಹೆಚ್ಚಾಗಿದೆ, ಮೆಟ್ಟಿಲು ಇಳಿಯುವುದು ಕಷ್ಟ. ಮನೆಗೆ ಸುಣ್ಣ ಹೊಡೆಸಿದೆ. ಒಳಕೋಣೆ ಖಾಲಿ ಬಿದ್ದಿತ್ತು, ಅದನ್ನೂ ಚೊಕ್ಕ ಮಾಡಿಸಿದೆ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ.

ಕೇಂದ್ರದ ವಿಷಯ ನನಗೆ ಬಿಡು. ನೀನು ಪರೀಕ್ಷೆಗೆ ಓದು.

ಅಕ್ಕ


ನವೆಂಬರ್ 2

ಅಕ್ಕಾ,

ನಿನಗೆ ಬಿಟ್ಟೆ. ನೀನು ಮಾಡಿದ್ದು ನೋಡು.

ನಿನ್ನೆ ಬೆಳಿಗ್ಗೆ ಪರೀಕ್ಷೆಗೆ ಕೂತೆ. ಪರದೆಯ ಮೇಲೆ ಮೂರು ಜನ, ಮೇಡಂ ನಡುವೆ. ಕ್ಯಾಮೆರಾ ತಿರುಗಿಸಿ ಕೋಣೆಯನ್ನೆಲ್ಲ ತೋರಿಸಿ ಎಂದರು, ತೋರಿಸಿದೆ. ಯಾರೂ ಒಳಗೆ ಬರಬಾರದು, ಕುರ್ಚಿ ಬಿಟ್ಟು ಏಳಬಾರದು, ಎದ್ದರೆ ಪರೀಕ್ಷೆ ರದ್ದು ಎಂದರು. ನಮ್ಮವರನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದುಕೊಂಡಿದ್ದೆ. ಬೆಳಿಗ್ಗೆಯೇ ಮುಖಕ್ಷೌರ ಮಾಡಿಕೊಂಡು, ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದ ನೀಲಿ ಅಂಗಿ ಹಾಕಿಕೊಂಡಿದ್ದರು. ನನ್ನ ಪರೀಕ್ಷೆ ಎಂದು ಹಾಕಿಕೊಂಡಿದ್ದಾರೆ ಅಂದುಕೊಂಡೆ. ಎಂಥ ದಡ್ಡಿ ನಾನು.

ಮೇಡಂ ಮೊದಲ ಪ್ರಶ್ನೆಯನ್ನೇ ದೋಣಿ ಹತ್ತಿದವಳ ಮೇಲೆ ಕೇಳಿದರು. "ಅವಳು ಕ್ರೂರಿಯಲ್ಲ ಎಂದು ಬರೆದಿದ್ದೀರಿ. ಯಾಕೆ?" ನೀನು ಹೇಳಿದಂತೆ ಬಾಯಿಪಾಠ ಮಾಡಿದ್ದೆ. ನಿಜ ಹೇಳುತ್ತಿದ್ದೇನೆ, ಮಾಡಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಬೀದಿ ಬಾಗಿಲು ತಟ್ಟಿದರು.

ಬೆನ್ನ ಹಿಂದೆ ಒಳಕೋಣೆಯ ಬಾಗಿಲು ತೆಗೆದ ಸದ್ದು. ಬೀದಿ ಬಾಗಿಲಲ್ಲಿ ಯಾರೋ ಗಂಡಸು ಕೇಳಿದ, "ಹೊರಡೋಣ್ವಾ ಯಜಮಾನ್ರೇ? ಸಾಮಾನು ಇಷ್ಟೇನಾ?"

ಪರದೆಯ ಮೂಲೆಯಲ್ಲಿ ನನ್ನದೇ ಒಂದು ಪುಟ್ಟ ಚೌಕ ಇರುತ್ತದೆ, ನಾನು ನನ್ನನ್ನು ನೋಡಿಕೊಳ್ಳುವುದಕ್ಕೆ. ಅದರಲ್ಲಿ ನನ್ನ ಭುಜದ ಹಿಂದೆ ಅವರು ಕಂಡರು. ಕೈಯಲ್ಲಿ ಬ್ಯಾಗು. ಮಂಚದ ಕೆಳಗಿದ್ದ ಆ ಬ್ಯಾಗನ್ನು ನಾನು ಎಷ್ಟು ಸಲ ಗುಡಿಸುವಾಗ ಆಚೆ ಸರಿಸಿದ್ದೇನೋ. ತುಂಬಿಸಿಯೇ ಇಟ್ಟಿದ್ದರು, ಅಕ್ಕಾ. ಪರೀಕ್ಷೆ ಕೆಡಬಾರದೆಂದು ಗೋಡೆಗೆ ಒತ್ತಿಕೊಂಡು, ಕಳ್ಳನ ಹಾಗೆ ಹೆಜ್ಜೆ ಇಡುತ್ತಿದ್ದರು. ಬಾಗಿಲ ಹತ್ತಿರ ನಿಂತು ನನ್ನ ಬೆನ್ನನ್ನು ನೋಡಿದರು. ನಾನು ಕನ್ನಡಿಯಂಥ ಆ ಚೌಕದಲ್ಲಿ ಅವರನ್ನು ನೋಡುತ್ತಿದ್ದೆ ಎಂದು ಅವರಿಗೆ ತಿಳಿಯಲಿಲ್ಲ.

"ನಿಮ್ಮ ಹಿಂದೆ ಯಾರೋ ಇದ್ದಾರೆ" ಎಂದರು ಪರದೆಯ ಮೇಲಿನ ಒಬ್ಬರು. "ದಯವಿಟ್ಟು ಕುರ್ಚಿ ಬಿಡಬೇಡಿ."

ನನ್ನ ಬಾಯಲ್ಲಿ ಬಾಯಿಪಾಠದ ಒಂದು ಪದವೂ ಬರಲಿಲ್ಲ. ಬಂದದ್ದು ಅವರು ಬಸ್ ನಿಲ್ದಾಣದಲ್ಲಿ ಹೇಳುತ್ತಿದ್ದ ಆ ಮೊದಲ ಮಾತೊಂದೇ. "ದಯವಿಟ್ಟು ಗಮನಿಸಿ," ಅಂದೆ ಇಂಗ್ಲಿಷಿನಲ್ಲಿ. "ಚರ್ಚೆಯಲ್ಲಿ ಬರೆದದ್ದು ನಾನಲ್ಲ. ನನ್ನ ಹಿಂದೆ ಇರುವವರು. ಆ ಸಪ್ಪೆ ಪ್ರಬಂಧ ನನ್ನದು. ಈಗ ಅವರು ಹೊರಟಿದ್ದಾರೆ, ನಾನು ಏಳಲೇಬೇಕು." ಎದ್ದೆ.

ಬೀದಿಗೆ ಓಡಿ ಅವರ ಕೈಯಿಂದ ಬ್ಯಾಗು ಕಿತ್ತುಕೊಂಡೆ. ಗಾಡಿಯವನು ತಬ್ಬಿಬ್ಬಾದ. "ನಿಮ್ಮಕ್ಕ ಮೊನ್ನೆಯೂ ಫೋನ್ ಮಾಡಿ ಖಾತ್ರಿ ಮಾಡ್ಕೊಂಡ್ರಲ್ಲಮ್ಮ, ನಿಮ್ಮ ಮನೆ ಫೋನಿಗೂ ಇವತ್ತು ಬರ್ತೀವಿ ಅಂತ ಮೆಸೇಜ್ ಹಾಕಿದ್ವಿ" ಅಂದ. ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ನನ್ನ ಪಕ್ಕದಲ್ಲಿ ನಿಂತು ನನ್ನ ತಲೆಯ ಮೇಲೆ ಕೈ ಇಟ್ಟರು. ಆಪರೇಷನ್ ಆದಮೇಲೆ ಇದೇ ಮೊದಲು.

ನೀನು ಯಾಕೆ ಹೀಗೆ ಮಾಡಿದೆ?


ನವೆಂಬರ್ 9

ಪುಟ್ಟಿ,

ಗಾಡಿ ಖಾಲಿ ವಾಪಸು ಬಂದಾಗಲೇ ನನಗೆ ಗೊತ್ತಾಯಿತು. ಆದರೂ ನಿನ್ನ ಕಾಗದ ಓದಿದಾಗಿನಿಂದ ಆ ಬ್ಯಾಗಿನ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಇಷ್ಟು ವರ್ಷ ಎಷ್ಟೋ ಜನರನ್ನು ಮಂಚದಿಂದ ಮಂಚಕ್ಕೆ ಸಾಗಿಸಿದ್ದೇನೆ. ತಾವೇ ಗಂಟುಮೂಟೆ ಕಟ್ಟಿಕೊಂಡು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕಾದವರನ್ನು ನೋಡಿಲ್ಲ.

ಯಾಕೆ ಎಂದು ಕೇಳಿದ್ದೀಯ. ಅವರು ಇಲ್ಲಿಗೆ ಬಂದರೆ ಹಿಂದೆಯೇ ನೀನೂ ಬರುತ್ತೀಯ ಎಂದುಕೊಂಡಿದ್ದೆ. ಒಳಕೋಣೆಗೆ ಸುಣ್ಣ ಹೊಡೆಸಿದ್ದು ನಿನಗಾಗಿ. ಹೊಸ ಮಂಚವೂ ಬಂದಿದೆ. ನೀನು ಸಂಜೆಯ ಫೋನ್ ನಿಲ್ಲಿಸಿದಾಗ ಅವರು ಲೆಕ್ಕ ಹಾಕಿದರು, ನಾನು ಒಬ್ಬಳೇ ಕೂತೆ. ಸಂಜೆಯಾದರೆ ಈಗಲೂ ಫೋನ್ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತೇನೆ, ಅಭ್ಯಾಸ. ನೀನು ಅಂಗಡಿಯಿಂದ ಮಾಡಿದಾಗಲೂ ಅಲ್ಲೇ ಕೂತಿದ್ದೆ. ಬೇಡ ಎನ್ನುತ್ತೀಯ ಎಂಬ ಭಯಕ್ಕೆ ಎತ್ತಲಿಲ್ಲ.

ಅವರ ಮುಖ ನೋಡುವ ಧೈರ್ಯ ನನಗಿಲ್ಲ. ಬರೆಯಬೇಡ ಎಂದರೆ ಬರೆಯುವುದಿಲ್ಲ.

ಅಕ್ಕ


ನವೆಂಬರ್ 17

ಅಕ್ಕಾ,

ವಿಶ್ವವಿದ್ಯಾಲಯದ ತೀರ್ಪು ಬಂತು. ಚರ್ಚೆಯ ಅಂಕವೆಲ್ಲ ರದ್ದು, ಹಾಜರಿ ರದ್ದು, ಈ ವರ್ಷದ ಪಾಠವನ್ನು ಮೊದಲಿನಿಂದ ಮಾಡಬೇಕು. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಪ್ರಬಂಧ ಮಾತ್ರ ನನ್ನದೇ ಎಂದು ಒಪ್ಪಿಕೊಂಡಿದ್ದಾರೆ. ಅಂಕ ಸಾಧಾರಣ. ಮೇಡಂ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ನಿಮ್ಮ ಯಜಮಾನರು ತಮ್ಮ ಹೆಸರಿನಲ್ಲೇ ಸೇರಬಹುದಲ್ಲವೇ. ಅದನ್ನು ಅವರಿಗೆ ತೋರಿಸಿದೆ. ಗೋಡೆ ಕಡೆ ತಿರುಗಿಕೊಂಡರು. ಎಲ್ಲ ಒಂದೇ ದಿನಕ್ಕೆ ಸರಿಹೋಗುತ್ತದೆಯೇ. ಬ್ಯಾಗೂ ಇನ್ನೂ ಬಿಚ್ಚಿಲ್ಲ, ಮಂಚದ ಕೆಳಗೇ ಇದೆ. ಈಗ ಅದನ್ನು ಸರಿಸದೆ ಸುತ್ತಲೂ ಗುಡಿಸುತ್ತೇನೆ.

ನಿನ್ನ ಕಾಗದವನ್ನು ಈ ಸಲ ಅಂಗಡಿಯಲ್ಲಿ ಓದಲಿಲ್ಲ. ಮನೆಗೆ ತಂದು ಅವರೆದುರೇ ಗಟ್ಟಿಯಾಗಿ ಓದಿದೆ. ಒಳಕೋಣೆ, ಮಂಚ, ಫೋನ್ ಹತ್ತಿರದ ಕುರ್ಚಿ, ಒಂದನ್ನೂ ಬಿಡಲಿಲ್ಲ. ಓದಿ ಮುಗಿಸಿದ ಮೇಲೆ ಅವರು ಎದ್ದು, ಬೀರುವಿನ ಹಿಂದೆ ಕೈ ಹಾಕಿ, ಸ್ಲೇಟು ತೆಗೆದು ಧೂಳು ಒರೆಸಿದರು. ಬರೆದು ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನಲ್ಲಲ್ಲ, ಅವರದೇ ಮಾತು:

"ದಯವಿಟ್ಟು ಗಮನಿಸಿ. ಅಕ್ಕನಿಗೆ ಇಲ್ಲಿಂದಲೇ ಫೋನ್ ಮಾಡು. ನನ್ನ ವಿಷಯ ಬಂದಾಗ ದನಿ ತಗ್ಗಿಸಬೇಡ."

ಭಾನುವಾರ ಸಂಜೆ ಕುರ್ಚಿ ಎಳೆದುಕೊಂಡು ಕೂತಿರು. ನಿನ್ನನ್ನು ಬೈಯುವುದು ಬೇಕಾದಷ್ಟಿದೆ, ಜೋರಾಗಿಯೇ ಬೈಯುತ್ತೇನೆ. ಅವರು ಪಕ್ಕದಲ್ಲೇ ಇರುತ್ತಾರೆ.

ನಿನ್ನ ತಂಗಿ